ಸಿಗ್ನಲಪ್ಪನಿಗೆ ಬಂದ ಪರದೇಶದ ಸಂದೇಶ

ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯ ಆ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ತಾರಸಿಯ ಮೇಲೆ ರೇಡಿಯೋ ಕಂಬ ನಿಲ್ಲಿಸಿದ ಮೇಲೆ ಆ ಹೆಸರಿಗೆ ಕೆಲಸವಿಲ್ಲದಂತಾಯಿತು. ಬೀದಿಯವರೆಲ್ಲ ಸಿಗ್ನಲಪ್ಪ ಎಂದು ಕರೆಯತೊಡಗಿದರು. ಅವರು ತಮಾಷೆಗೆ ಕರೆದದ್ದನ್ನು ಅವನು ಸನ್ಮಾನವೆಂದು ತಿಳಿದುಕೊಂಡ.

"ಬೇರೆಯವರಿಗೆ ಬಿರುದು ಕೊಡೋಕೆ ಸಭೆ ಕರೀಬೇಕು, ಮೈಕು ಹಾಕ್ಬೇಕು. ನನಗೆ ಬೀದಿಯೇ ಕೊಟ್ಟುಬಿಡ್ತು ನೋಡು ಇವಳೇ" ಎಂದು ಹೆಂಡತಿಯ ಮುಂದೆ ಹೇಳಿಕೊಂಡ.

"ಬಿರುದು ಇರ್ಲಿ ರೀ. ಆ ಕಂಬದ ತಂತಿ ಜೋತುಬಿದ್ದಿದೆ. ಹರವಿದ ಬಟ್ಟೆಯೆಲ್ಲ ನೆಲ ಗುಡಿಸ್ತಿದೆ" ಎಂದಳು ಹೆಂಡತಿ.

ಕಂಬ ಅಲುಗಾಡದಂತೆ ಅದನ್ನು ನಾಲ್ಕೂ ಕಡೆಯಿಂದ ತಂತಿ ಎಳೆದು ಕಟ್ಟಲಾಗಿತ್ತು. ತಾರಸಿಯಲ್ಲಿ ಬಟ್ಟೆ ಒಣಗಿಸಲು ಬೇರೆ ಜಾಗ ಉಳಿಯದೆ, ಹೆಂಡತಿ ತನ್ನ ಹಗ್ಗದ ಒಂದು ತುದಿಯನ್ನು ಆ ತಂತಿಯೊಂದಕ್ಕೇ ಬಿಗಿದಿದ್ದಳು. ವಿಜ್ಞಾನ ಮತ್ತು ಸಂಸಾರ ಒಂದೇ ಗಂಟಿನಲ್ಲಿ ನಿಂತಿದ್ದವು.

"ಆಮೇಲೆ ನೋಡ್ತೀನಿ" ಎಂದು ಸಿಗ್ನಲಪ್ಪ ಮೆಟ್ಟಿಲು ಹತ್ತಿದ. ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಊಟಕ್ಕೆ ಕೂತರೂ ಒಂದು ಕಾಲು ಮೆಟ್ಟಿಲ ಕಡೆಗೇ ಇರುತ್ತಿತ್ತು. ತಾರಸಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವನ ರೇಡಿಯೋ, ಅದರ ಪಕ್ಕ ಹಳೆಯ ಕಂಪ್ಯೂಟರು. ಹ್ಯಾಮ್ ರೇಡಿಯೋ ಎಂದರೆ ಲೈಸೆನ್ಸು ಪಡೆದ ಹವ್ಯಾಸಿಗಳು ಮನೆಯಿಂದಲೇ ಊರೂರಿಗೆ ಮಾತಾಡುವ ವ್ಯವಸ್ಥೆ. ಮಾತು ಬೇಡವಾದರೆ ಬರಹವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಗಾಳಿಗೆ ಬಿಡಬಹುದು. ಈ ಕಡೆ ರೇಡಿಯೋ ಕಿರ್‌ರ್ ಎಂದು ಕಿರುಚುತ್ತದೆ, ಕಂಪ್ಯೂಟರು ಆ ಕಿರುಚಾಟವನ್ನು ಬಿಚ್ಚಿ ಪರದೆಯ ಮೇಲೆ ಅಕ್ಷರ ಮೂಡಿಸುತ್ತದೆ. ಹಗಲೆಲ್ಲ ಕಚೇರಿಯಲ್ಲಿ ಪೊಟ್ಟಣ, ಸಂಜೆಯೆಲ್ಲ ತಾರಸಿಯಲ್ಲಿ ಪೊಟ್ಟಣ. ಒಬ್ಬ ಮನುಷ್ಯನಿಗೆ ಇಷ್ಟು ಪೊಟ್ಟಣ ಯಾಕೆ ಎಂದು ಹೆಂಡತಿ ಕೇಳಿದ್ದುಂಟು.

ಈ ವಿದ್ಯೆಯನ್ನು ಅವನಿಗೆ ಹತ್ತಿಸಿದವರು ಎದುರು ಮನೆಯ ತಂತಿ ತಾತ. ತಂತಿ ಕಚೇರಿಯಲ್ಲಿ ಟೆಲಿಗ್ರಾಂ ಕಳಿಸುವ ಯಂತ್ರವನ್ನು ಕಟ್ಟು ಕಡ ಬಡಿದು ನಿವೃತ್ತರಾದವರು. ಟೆಲಿಗ್ರಾಮಿನ ಕಾಲದ ಅಭ್ಯಾಸದಿಂದ ಬಾಯಿಮಾತಿನಲ್ಲೂ ಪದ ಉಳಿಸುವವರು. ಒಂದು ಸಲ ಸಿಗ್ನಲಪ್ಪ ಹೊಸ ಉಪಕರಣ ತಂದ ಹುಮ್ಮಸ್ಸಿನಲ್ಲಿ, "ತಾತ, ನಿಮ್ಮ ಕಟ್ಟು ಕಡ ಇನ್ನು ಗೋಡೆಗೆ ಮೊಳೆ ಹೊಡೆಯೋಕೆ ಲಾಯಕ್ಕು" ಎಂದುಬಿಟ್ಟ. ತಾತ ಎದ್ದು ನಿಂತರು. ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ಇನ್ನು ನಿನ್ನ ಹತ್ರ ಬಾಯಿ ಬಿಟ್ರೆ ಕೇಳು. ನಿನ್ನ ಮನೆಯವರ ಹತ್ರಾನೂ ಇಲ್ಲ. ನಿನ್ನ ವಿಚಾರ ಊರಲ್ಲಿ ಯಾರ ಹತ್ರಾನೂ ಇಲ್ಲ."

ಹಳಬರ ಮಾತು, ಮುರಿಯುವುದಿಲ್ಲ. ಅಂದಿನಿಂದ ತಾತ ಎದುರಿನ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದರು, ನೋಡುತ್ತಿದ್ದರು, ತುಟಿ ಬಿಗಿದು ಒಳಗೆ ಹೋಗುತ್ತಿದ್ದರು. ಸಿಗ್ನಲಪ್ಪನಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು. ಆದರೆ ಹೋಗಿ ಕ್ಷಮೆ ಕೇಳಿದರೆ ಚಿಕ್ಕವನಾಗಿಬಿಡುತ್ತೇನೆ ಎಂಬ ಭಯ. ತಾತ ಬೆರಗಾಗುವಂಥ ಒಂದು ಸಂದೇಶ ಹಿಡಿದು ತೋರಿಸಿದರೆ ಅವರೇ ಬಂದು ಬೆನ್ನು ತಟ್ಟಿಯಾರು ಎಂದು ಕಾಯುತ್ತಿದ್ದ.

ಬೆರಗಾಗಬೇಕಾದರೆ ಪರದೇಶದಿಂದಲೇ ಬರಬೇಕು. ಅಕ್ಕಪಕ್ಕದ ಊರಿನವರು ಹವಾಮಾನ ಹೇಳಿಕೊಂಡರೆ ಅದರಲ್ಲೇನು ಬಂತು? ಕಂಪ್ಯೂಟರಿನಲ್ಲಿ ಯಾವ ದೇಶದ ಅಕ್ಷರಪಟ್ಟಿ ನೋಡಿ ಓದಬೇಕು ಎಂದು ಆರಿಸುವ ಜಾಗವೊಂದಿತ್ತು. ಅಲ್ಲಿ ಅವನು ನಮ್ಮ ಅಕ್ಷರಗಳನ್ನು ತೆಗೆದು, ಪಡುವಣ ದೇಶಗಳ ಅಕ್ಷರಪಟ್ಟಿಯನ್ನು ಕೂರಿಸಿದ. ಬರುವ ನೆಂಟರ ಭಾಷೆಯಲ್ಲೇ ಬಾಗಿಲು ತೆರೆದಿರಲಿ ಎಂಬ ದೊಡ್ಡ ಮನಸ್ಸು. ಸಂದೇಶ ಬಂದ ಕೂಡಲೇ ತಾನಾಗಿಯೇ ಉತ್ತರ ಹೋಗುವಂತೆ ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಸಿದ್ಧಪಡಿಸಿಟ್ಟ: "ತಮ್ಮ ಅಮೂಲ್ಯ ಸಂದೇಶ ಸ್ಪಷ್ಟವಾಗಿ ತಲುಪಿದೆ. ವಂದನೆಗಳು. ದಯವಿಟ್ಟು ಹೀಗೆಯೇ ಕಳುಹಿಸುತ್ತಿರಿ."

ಇನ್ನೊಂದು ಸಂಗತಿ ಹೇಳಬೇಕು. ಅವನ ಪರದೆ ಹಳೆಯ ಸಾಮಾನಿನ ಅಂಗಡಿಯದು. ಮೇಲ್ಗಡೆಯ ಎರಡು ಬೆರಳಗಲ ಜಾಗ ಕಪ್ಪಾಗಿ ಸತ್ತುಹೋಗಿತ್ತು. ಕಳಿಸಿದವರ ಗುರುತು ಮೂಡುವುದು ಸರಿಯಾಗಿ ಅಲ್ಲೇ. "ತಲೆ ಹೋದ್ರೆ ಹೋಗ್ಲಿ, ಹೊಟ್ಟೆ ಇದೆಯಲ್ಲ" ಎಂದು ಸಿಗ್ನಲಪ್ಪ ಅದನ್ನು ಮನೆಗೆ ತಂದಿದ್ದ.

ಹೀಗೆ ಕಾದು ಕಾದು, ಒಂದು ಪೊಟ್ಟಣವೂ ಬಾರದೆ, ಕಡೆಗೆ ಹೆಂಡತಿಯೇ ಗಡುವು ಕೊಟ್ಟಳು.

"ನೋಡಿ, ಬರೋ ಭಾನುವಾರದೊಳಗೆ ಕೆಲಸಕ್ಕೆ ಬರೋ ಒಂದೇ ಒಂದು ಸಂದೇಶ ಅದ್ರಲ್ಲಿ ಬರ್ಲಿ. ಬಂದ್ರೆ ಇನ್ನೂ ಹತ್ತು ಕಂಬ ನಿಲ್ಲಿಸ್ಕೊಳ್ಳಿ, ಉಸಿರೆತ್ತಲ್ಲ. ಬರ್ಲಿಲ್ಲ ಅಂದ್ರೆ ಕಂಬ ಇಳೀಬೇಕು."

"ಇಳಿಸೋದಾ?" ಸಿಗ್ನಲಪ್ಪನಿಗೆ ತನ್ನನ್ನೇ ಇಳಿಸಿದಂತಾಯಿತು. ಕಚೇರಿಯಲ್ಲಿ ಅವನಿಗೆ ಯಾರೂ ಮರ್ಯಾದೆ ಕೊಟ್ಟು ಮಾತಾಡಿಸುತ್ತಿರಲಿಲ್ಲ. ಆ ಕಂಬವೊಂದೇ ಅವನನ್ನು ಬೀದಿಗಿಂತ ಎತ್ತರಕ್ಕೆ ಎತ್ತಿ ಹಿಡಿದಿದ್ದು. ಅವತ್ತಿನಿಂದ ಅವನ ಮೈಯಲ್ಲಿ ಇರುವೆ ಬಿಟ್ಟಂತಾಯಿತು.

ದೇವರು ದೊಡ್ಡವನು. ಗಡುವು ಕೊಟ್ಟ ಮರುಸಂಜೆಯೇ ರೇಡಿಯೋ ಕಿರ್‌ರ್ ಎಂದಿತು. ಸಿಗ್ನಲಪ್ಪ ಕುರ್ಚಿಯಿಂದ ಹಾರಿದ ರಭಸಕ್ಕೆ ಕುರ್ಚಿಯೂ ಸ್ವಲ್ಪ ದೂರ ಬಂತು. ಪರದೆಯ ಮೇಲೆ ಸಾಲುಗಟ್ಟಿ ಮೂಡಿತು:

à²¨à²¿à²¨à³à²¨

ಅದರ ಹಿಂದೆ ಇನ್ನೂ ಉದ್ದದ ಬಾಲ. ಎಲ್ಲಿ ನೋಡಿದರೂ ತಲೆಯ ಮೇಲೆ ಗೀರಿರುವ ಪರದೇಶದ ಎ ಅಕ್ಷರ, ಅದರ ಹೆಗಲ ಮೇಲೆ ಪುಟಾಣಿ ಎರಡು, ಪುಟಾಣಿ ಮೂರು. ನಡುನಡುವೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಅಲ್ಲಲ್ಲಿ ಮುಕ್ಕಾಲು, ಅಲ್ಲಲ್ಲಿ ಡಿಗ್ರಿಯ ಸೊನ್ನೆ. ಕೊನೆಗೆ ಒಂದು ಪುಟ್ಟ ಕಠಾರಿ. ಒಂದಕ್ಷರವೂ ತಿಳಿಯಲಿಲ್ಲ. ಪರದೇಶದ್ದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅತ್ತ ಕಂಪ್ಯೂಟರು ತಾನಾಗಿಯೇ ವಂದನೆ ಹೇಳಿ, ಇನ್ನೂ ಕಳುಹಿಸಿ ಎಂದು ಬೇಡಿಕೊಂಡಿತು.

ಆ ಕಡೆಯವರು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದಾಗಲೇ, ಎಲ್ಲಿಂದ ಬಂತೆಂದು ತಿಳಿಯಲು ಸಿಗ್ನಲಪ್ಪ ಹೊರಗೆ ಓಡಿದ. ಕಂಬದ ಬುಡಕ್ಕೆ ಅವನು ಹಳೇ ಸೈಕಲ್ಲಿನ ಹ್ಯಾಂಡಲ್ ಬೆಸುಗೆ ಹಾಕಿಸಿದ್ದ. ಅದನ್ನು ಹಿಡಿದು ತಿರುಗಿಸಿದರೆ ತುದಿಯ ಆಂಟೆನಾ ಬೇಕಾದ ದಿಕ್ಕಿಗೆ ಮುಖ ಮಾಡುತ್ತದೆ. ಯಾವ ದಿಕ್ಕಿನಲ್ಲಿ ಸದ್ದು ಜೋರಾಗಿ ಬರುತ್ತದೋ ಆ ದಿಕ್ಕಿನವರು ಕಳಿಸಿದ್ದು ಎಂದು ಲೆಕ್ಕ. ಮೂಡಣಕ್ಕೆ ತಿರುಗಿಸಿದ, ಜೋರು. ಪಡುವಣಕ್ಕೆ, ಅಷ್ಟೇ ಜೋರು. ತೆಂಕಣ, ಬಡಗಣ, ಎತ್ತ ತಿರುಗಿಸಿದರೂ ಕಿವಿ ಹರಿಯುವಂತೆ ಕಿರ್‌ರ್. ತಿರುಗಿಸಿದಂತೆಲ್ಲ ಮೇಲಿನ ತಂತಿಗಳು ಕುಂಯ್ ಎನ್ನುತ್ತಿದ್ದವು.

"ಎಲ್ಲಾ ದಿಕ್ಕಿಂದಾನೂ ಬರ್ತಿದೆ ಇವಳೇ! ಅಂದ್ರೆ ಯಾವ ದಿಕ್ಕಿಂದಾನೂ ಅಲ್ಲ, ಮೇಲಿಂದ!" ಎಂದು ಆಕಾಶಕ್ಕೆ ಕೈ ತೋರಿಸಿದ.

ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಮೇಲೆ ನೋಡದೆ ಕೆಳಗೆ ನೋಡಿದಳು. "ಮೇಲಿಂದ ಬರೋದು ಬರ್ಲಿ. ನನ್ನ ಹಗ್ಗ ಇನ್ನೂ ಒಂದು ಗೇಣು ಕೆಳಗೆ ಬಂದಿದೆ. ತಂತಿ ಸಡಿಲ ಆಗಿದೆ ರೀ, ಬಿಗಿ ಮಾಡಿ."

"ಆಮೇಲೆ, ಆಮೇಲೆ."

ಎದುರು ಬಾಲ್ಕನಿಯಲ್ಲಿ ತಂತಿ ತಾತ ನಿಂತಿದ್ದರು. ಊರುಗೋಲೆತ್ತಿ ಕಂಬದ ಕಡೆಗೆ ಎರಡು ಸಲ ಬೀಸಿ, ಹಣೆ ಚಚ್ಚಿಕೊಂಡು ಒಳಗೆ ಹೋದರು.

"ನೋಡಿದ್ಯಾ? ಹೊಟ್ಟೆಕಿಚ್ಚು!" ಎಂದ ಸಿಗ್ನಲಪ್ಪ. ಅವನಿಗೆ ಸಂತೋಷವೂ ಆಯಿತು, ಪಾಪ ಎಂದೂ ಅನ್ನಿಸಿತು.

ಮರುದಿನ ಪಾರ್ಸೆಲ್ ಕಚೇರಿಯಲ್ಲಿ ಒಬ್ಬ ಮುದುಕಿ ಗಂಟು ತಂದಿಟ್ಟಳು. ಅದರ ಮೇಲೆ ಕಳಿಸುವವರ ಹೆಸರಿರಲಿಲ್ಲ. "ಅಮ್ಮಾ, ಕಳಿಸಿದೋರು ಯಾರು ಅಂತ ನೋಡ್ದೆ ನಾನು ಯಾವ ಪೊಟ್ಟಣಾನೂ ಮುಟ್ಟೋನಲ್ಲ" ಎಂದು ಗದರಿಸಿ ವಾಪಸು ಕಳಿಸಿದ. ಆಮೇಲೆ ಒಳಗೆ ಹೋಗಿ ಸಾಹೇಬರಿಗೆ ಪರದೇಶದ ಸುದ್ದಿ ಮುಟ್ಟಿಸಿದ.

"ಕಳಿಸಿದ್ದು ಯಾರಯ್ಯಾ?" ಸಾಹೇಬರು ಕೇಳಿದರು.

"ಅದೊಂದು ಗೊತ್ತಾಗ್ಲಿಲ್ಲ ಸಾರ್."

"ಏನಂತ ಕಳಿಸಿದ್ದಾರೆ?"

"ಅದೂ ಗೊತ್ತಾಗ್ಲಿಲ್ಲ ಸಾರ್. ಅದೇ ಅದರ ಮಹತ್ವ."

ಸಾಹೇಬರು ಯೋಚಿಸಿದರು. ಗೊತ್ತಾಗದ ಕಾಗದಗಳೆಲ್ಲ ಮೇಲಧಿಕಾರಿಗಳಿಂದಲೇ ಬರುತ್ತವೆಂದು ಅನುಭವ ಹೇಳುತ್ತಿತ್ತು. "ಅಕಸ್ಮಾತ್ ನನ್ನ ವಿಚಾರ ಏನಾದ್ರೂ ಕೇಳಿದ್ರೆ, ಸಾಹೇಬ್ರು ರಜೆ ಮೇಲಿದ್ದಾರೆ ಅಂತ ಹೇಳಿಬಿಡಪ್ಪ" ಎಂದರು. ಮೊದಲ ಬಾರಿಗೆ 'ಅಪ್ಪ' ಸೇರಿತ್ತು. ಸಿಗ್ನಲಪ್ಪ ಕೆಲಸ ಮುಗಿಯುವ ಮೊದಲೇ ಮನೆಗೆ ಓಡಿದ.

ಆ ಸಂಜೆ ಎರಡನೆಯ ಸಂದೇಶ ಬಂತು, ಮೊದಲಿನದಕ್ಕಿಂತ ಉದ್ದ. ಮತ್ತೆ ಆರಂಭದಲ್ಲಿ ಅದೇ ಗೀರಿನ ಎ, ಅದೇ ತಲೆಕೆಳಗಾದ ಪ್ರಶ್ನೆ. ಕಂಪ್ಯೂಟರು ಮತ್ತೆ ವಂದನೆ ಹೇಳಿತು. ಸಿಗ್ನಲಪ್ಪ ಅದನ್ನು ಕಾಗದಕ್ಕೆ ಇಳಿಸಿಕೊಂಡು ಕೆಳಗಿನ ದರ್ಜಿ ಅಂಗಡಿಗೆ ಧಾವಿಸಿದ. ಬೀದಿಯ ವಿದ್ವತ್ಸಭೆ ಸೇರುತ್ತಿದ್ದುದು ಅಲ್ಲೇ. ಗಣಿತದ ಮೇಷ್ಟ್ರು ತಮ್ಮ ಅಂಗಿಯ ಗುಂಡಿಗೆ ಕಾದಿದ್ದರು, ಠಾಣೆಯ ಪೇದೆ ಹೊಟ್ಟೆಯ ಸುತ್ತಳತೆ ಕೊಡುತ್ತ ಉಸಿರು ಬಿಗಿಹಿಡಿದಿದ್ದ.

ಮೇಷ್ಟ್ರು ಕಾಗದ ನೋಡಿದ್ದೇ ತಡ ಕನ್ನಡಕ ಒರೆಸಿಕೊಂಡರು. "ಎ ವರ್ಗ! ಎ ಘನ! ಮತ್ತೆ ಎ ವರ್ಗ! ಇದು ಭಾಷೆಯಲ್ಲಪ್ಪಾ, ಇದು ಸೂತ್ರ. ಡಿಗ್ರೀನೂ ಇದೆ. ಭೂಮಿ ಮೇಲಿನ ಒಂದು ಜಾಗದ ಗುರುತು ಹೇಳ್ತಿದ್ದಾರೆ. ಒಂದು ನಿಮಿಷ ತಾಳಿ." ಸೀಮೆಸುಣ್ಣದಲ್ಲಿ ದರ್ಜಿಯ ಮೇಜಿನ ತುಂಬ ಲೆಕ್ಕ ಮಾಡಿ, "ಸಮುದ್ರದ ನಟ್ಟನಡುವೆ ಬರ್ತಿದೆ" ಎಂದು ತೃಪ್ತಿಯಿಂದ ಹೇಳಿದರು.

ದರ್ಜಿ ಒಪ್ಪಲಿಲ್ಲ. "ಮೇಷ್ಟ್ರೇ, ಮುಕ್ಕಾಲು ಅಂತ ಬರ್ದಿದೆಯಲ್ಲ? ಅದು ಮುಕ್ಕಾಲು ತೋಳಿನ ಅಳತೆ. ಮತ್ತೆ ಈ ಪ್ರಶ್ನೆ ಚಿಹ್ನೆ ಯಾಕೆ ತಲೆಕೆಳಗಾಗಿದೆ ಹೇಳಿ? ಭೂಮಿ ಆ ಕಡೆಯೋರು ನಮಗೆ ತಲೆಕೆಳಗಾಗೇ ತಾನೇ ನಿಂತಿರೋದು? ಅವರು ಕೇಳೋ ಪ್ರಶ್ನೆ ನಮಗೆ ಹಂಗೇ ಕಾಣೋದು."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಅಷ್ಟರಲ್ಲಿ ಪೇದೆ ಅಳತೆ ಪಟ್ಟಿಯ ಸಮೇತ ಮುಂದೆ ಬಂದು ಕೊನೆಯ ಚಿಹ್ನೆಯ ಮೇಲೆ ಬೆರಳಿಟ್ಟ.

"ಇದೇನ್ರೀ ಇದು?"

"ಕಠಾರಿ ಥರ ಇದೆ" ಎಂದ ಸಿಗ್ನಲಪ್ಪ.

"ಥರ ಅಲ್ಲ, ಕಠಾರಿಯೇ! ಕೊನೇಲಿ ಕಠಾರಿ ಇಟ್ಟು ಮುಗಿಸ್ತಿದ್ದಾರೆ ಅಂದ್ರೆ ಏನರ್ಥ? ಬೆದರಿಕೆ! ನೀವು ಏನಂತ ಉತ್ತರ ಕೊಟ್ರಿ?"

"ವಂದನೆಗಳು, ಹೀಗೇ ಕಳಿಸ್ತಿರಿ ಅಂತ."

ಬೆದರಿಕೆಗೆ ವಂದನೆ ಹೇಳಿ ಇನ್ನಷ್ಟು ಕೇಳಿದ ಗಂಡಸನ್ನು ಆ ಬೀದಿ ಕಂಡಿರಲಿಲ್ಲ. ಪೇದೆ ಆಗಲೇ ಠಾಣೆಗೆ ಹೊರಟ, ಠಾಣೆಯಿಂದ ವೈರ್‌ಲೆಸ್ ಇಲಾಖೆಗೆ ಸುದ್ದಿ ಹೋಯಿತು, ಭಾನುವಾರ ಸಂಜೆ ಅಧಿಕಾರಿಣಿ ಖುದ್ದಾಗಿ ಬರುತ್ತಾರೆಂದು ಉತ್ತರವೂ ಬಂತು.

ಭಾನುವಾರ! ಹೆಂಡತಿಯ ಗಡುವೂ ಅದೇ ದಿನ. ಸಿಗ್ನಲಪ್ಪನಿಗೆ ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ಬೆದರಿಕೆಯಾದರೂ ಸರಿಯೇ, ಅದು ಕೆಲಸಕ್ಕೆ ಬರುವ ಸಂದೇಶವಾಗಿದ್ದರೆ ಸಾಕು ಎಂದು ಹರಕೆ ಹೊರುವ ಹಂತಕ್ಕೆ ಬಂದ. ಬಿಡುವಾದಾಗಲೆಲ್ಲ ಹೋಗಿ ಸೈಕಲ್ ಹ್ಯಾಂಡಲ್ ಹಿಡಿದು ಕಂಬ ತಿರುಗಿಸುವನು, ಕಿವಿಗೊಡುವನು, ಮತ್ತೆ ತಿರುಗಿಸುವನು. ಎದುರು ಬಾಲ್ಕನಿಯಲ್ಲಿ ತಾತ ಕೈಯಾಡಿಸುವರು, ಊರುಗೋಲು ಬೀಸುವರು, ಒಮ್ಮೆಯಂತೂ ಎರಡೂ ಕೈ ಜೋಡಿಸಿ ಮುಗಿದರು.

"ರೀ, ತಾತ ಏನೋ ಹೇಳ್ತಿದ್ದಾರೆ ಕಣ್ರೀ" ಎಂದಳು ಹೆಂಡತಿ.

"ಮಾತು ಬಿಟ್ಟೋರು ಏನು ಹೇಳ್ತಾರೆ? ಸೋಲು ಒಪ್ಕೊಳ್ತಿದ್ದಾರೆ ಅಷ್ಟೆ." ಅವನೂ ಘನತೆಯಿಂದ ಕೈಮುಗಿದ. ತಾತ ಊರುಗೋಲನ್ನು ನೆಲಕ್ಕೆ ಎಸೆದು ಒಳಗೆ ಹೋದರು.

"ಸರಿ, ಅದು ಹಾಗಿರ್ಲಿ. ತಂತಿ ಇವತ್ತು ಪೂರ್ತಿ ಜೋತುಬಿದ್ದಿದೆ. ಒಂದು ಕಡೆ ಕೊಕ್ಕೆಯೇ ಎದ್ದು ಬಂದ ಹಾಗಿದೆ. ನೋಡಿ ಅಂದ್ರೆ..."

"ಭಾನುವಾರ ಒಂದು ಕಳೀಲಿ ಇವಳೇ!"

ಮೂರನೆಯ ಸಂದೇಶವೂ ಬಂತು, ವಂದನೆಯೂ ಹೋಯಿತು.

ಭಾನುವಾರ ಸಂಜೆ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯನ್ನು ಕೋಣೆಯಿಂದ ಹೊರಕ್ಕೆ ತಂದು ಕಂಬದ ಬುಡದಲ್ಲೇ ಒಂದು ಸ್ಟೂಲಿನ ಮೇಲಿಟ್ಟಿದ್ದರು. ಅದರ ಸುತ್ತ ಮೇಷ್ಟ್ರು, ದರ್ಜಿ, ಪೇದೆ, ರಜೆಯ ಮೇಲಿದ್ದೂ ಬಂದ ಸಾಹೇಬರು, ಮತ್ತು ಅರ್ಧ ಬೀದಿ. ಸಿಗ್ನಲಪ್ಪ ಇಸ್ತ್ರಿ ಅಂಗಿ ತೊಟ್ಟು, ಒಂದೇ ಕಡೆ ನಿಲ್ಲಲಾಗದೆ, ಕಂಬಕ್ಕೆ ಒರಗುವುದು, ಬಿಡುವುದು, ಮತ್ತೆ ಒರಗುವುದು ಮಾಡುತ್ತಿದ್ದ.

ವೈರ್‌ಲೆಸ್ ಇಲಾಖೆಯ ಮೇಡಂ ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಪರದೆಯ ಸತ್ತ ತಲೆಯನ್ನು ನೋಡಿದರು, ಸಿಗ್ನಲಪ್ಪನನ್ನು ನೋಡಿದರು, ತಮ್ಮ ಲ್ಯಾಪ್‌ಟಾಪು ತೆಗೆದು ಅವನ ರೇಡಿಯೋಗೂ ಕಂಪ್ಯೂಟರಿಗೂ ಜೋಡಿಸಿದರು.

"ಮೇಡಂ, ನನ್ನ ಲೆಕ್ಕದ ಪ್ರಕಾರ ಜಾಗ ಸಮುದ್ರದ ನಡುವೆ ಬರ್ತದೆ" ಎಂದು ಮೇಷ್ಟ್ರು ಎಚ್ಚರಿಸಿದರು.

"ಬಂದ ಪೊಟ್ಟಣಗಳನ್ನ ಇಟ್ಕೊಂಡಿದ್ದೀರಾ?" ಮೇಡಂ ಸಿಗ್ನಲಪ್ಪನನ್ನು ಕೇಳಿದರು.

"ಎಲ್ಲಾ ಹಾಗೇ ಇದೆ ಮೇಡಂ, ಸಂಖ್ಯೆ ಸಮೇತ."

"ಅದೊಂದು ಒಳ್ಳೆ ಕೆಲಸ ಮಾಡಿದ್ರಿ. ಗಾಳೀಲಿ ಅಕ್ಷರ ಬರಲ್ಲ, ಸಂಖ್ಯೆ ಬರುತ್ತೆ. ಯಾವ ಸಂಖ್ಯೆಗೆ ಯಾವ ಅಕ್ಷರ ಅಂತ ಪಟ್ಟಿ ನೋಡಿ ಓದ್ಬೇಕು. ನಮ್ಮ ಭಾಷೆಯ ಒಂದೊಂದು ಗುರುತಿಗೂ ಮೂರು ಮೂರು ಸಂಖ್ಯೆ. ನೀವು ಇಟ್ಟಿರೋ ಪಟ್ಟಿ ಒಂದು ಸಂಖ್ಯೆಗೆ ಒಂದು ಅಕ್ಷರ ಅನ್ನುತ್ತೆ. ಹಾಗಾಗಿ ಒಂದೊಂದನ್ನೂ ಮೂರು ಚೂರು ಮಾಡಿ ತೋರಿಸಿದೆ."

"ನಮ್ಮ ಭಾಷೆ?" ಎಂದ ಸಿಗ್ನಲಪ್ಪ. ಅವನ ದನಿ ಇಳಿಯಿತು. "ಪರದೇಶದ್ದಲ್ವಾ ಮೇಡಂ?"

ಮೇಡಂ ಪಟ್ಟಿ ಬದಲಿಸಿದರು. ಮೊದಲು ಲ್ಯಾಪ್‌ಟಾಪಿನ ತುತ್ತತುದಿಯ ಸಾಲು ಕಾಣಿಸಿತು, ಕಳಿಸಿದವರ ಲೈಸೆನ್ಸಿನ ಗುರುತಾದ ಕಾಲ್‌ಸೈನ್. ಅದನ್ನು ಇಲಾಖೆಯ ಪಟ್ಟಿಯಲ್ಲಿ ಹುಡುಕಿ ವಿಳಾಸ ಓದಿದರು. ಓದಿ ಮುಗಿಸುವ ಮೊದಲೇ ಇಡೀ ತಾರಸಿಯ ತಲೆಗಳು ಒಟ್ಟಿಗೆ ಎದುರು ಬಾಲ್ಕನಿಗೆ ತಿರುಗಿದವು. ಅಲ್ಲಿ ತಂತಿ ತಾತ ಕಟಕಟೆ ಹಿಡಿದು ನಿಂತಿದ್ದರು. ಅವರ ಹಿಂದೆ, ಒಗೆದ ಪಂಚೆ ಹೊದಿಸಿದ ಮೇಜಿನ ಮೇಲೆ, ಹೊಚ್ಚಹೊಸ ರೇಡಿಯೋ, ಕಂಪ್ಯೂಟರು ಕಾಣುತ್ತಿದ್ದವು.

"ಎಲ್ಲಾ ದಿಕ್ಕಲ್ಲೂ ಜೋರಾಗಿ ಬಂದಿದ್ದು ಇದಕ್ಕಾ!" ಎಂದು ದರ್ಜಿ ಮಂಡಿ ತಟ್ಟಿಕೊಂಡ. "ಮೂಗಿನ ಕೆಳಗೇ ಇದ್ರೆ ಎತ್ತ ತಿರುಗಿದ್ರೂ ಕೇಳ್ದೆ ಇರುತ್ತಾ?"

"ಬಾಯಿ ಬಿಡಲ್ಲ ಅಂತ ತಾನೇ ಶಪಥ ಮಾಡಿದ್ದು?" ಎಂದರು ಮೇಷ್ಟ್ರು, ಸಮುದ್ರ ಕೈತಪ್ಪಿದ ಬೇಸರದಲ್ಲಿ. "ರೇಡಿಯೋಲಿ ಬರೀಬಾರದು ಅಂತ ಎಲ್ಲಿದೆ?"

ಮೇಡಂ ಮೊದಲನೆಯದನ್ನು ಓದಿದರು: "ನಿನ್ನ ಕಂಬದ ತಂತಿ ಸಡಿಲವಾಗಿದೆ. ಬಿಗಿ ಮಾಡು. ಇಲ್ಲದಿದ್ದರೆ ಬೀಳುತ್ತದೆ."

"ನಿನ್ನ ಅಂತ ಏಕವಚನ" ಎಂದು ಪೇದೆ ಗಮನಿಸಿದ.

ಎರಡನೆಯದು: "ನಿನ್ನ ವಂದನೆ ಯಾರಿಗೆ ಬೇಕು. ಕಂಬ ತಿರುಗಿಸಬೇಡ. ತಿರುಗಿಸಿದಷ್ಟೂ ಸಡಿಲವಾಗುತ್ತದೆ."

ನಗುವವರೆಲ್ಲ ನಕ್ಕರು. ಸಿಗ್ನಲಪ್ಪ ಸೈಕಲ್ ಹ್ಯಾಂಡಲಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದ.

ಮೂರನೆಯದು: "ನಿನ್ನ ಹೆಂಡತಿ ದಿನವೂ ಅದರ ಬುಡದಲ್ಲೇ ಬಟ್ಟೆ ಹರವುತ್ತಾಳೆ. ನಿನಗೆ ಕಣ್ಣಿಲ್ಲವೆ. ಓದಿಯೂ ವಂದನೆ ಹೇಳುತ್ತೀಯಲ್ಲ, ನೀನೂ ಮನುಷ್ಯನೆ."

ಈ ಸಲ ನಗು ಅರ್ಧಕ್ಕೇ ನಿಂತಿತು. ಎದುರಿನಲ್ಲಿ ತಾತ ಮೇಜಿನ ಮುಂದೆ ಕೂತು ಏನೋ ಒತ್ತಿದರು. ಆಗಲೇ ರೇಡಿಯೋ ಮತ್ತೊಮ್ಮೆ ಕಿರ್‌ರ್ ಎಂದಿತು. ಮೇಡಂ ಹೊಸ ಸಂದೇಶವನ್ನು ಓದಿದಾಗ ಅವರ ದನಿಯೂ ಬದಲಾಗಿತ್ತು: "ನಿನ್ನ ತಾರಸಿಯಲ್ಲಿ ಬೀದಿಯೇ ಸೇರಿದೆ. ಎಲ್ಲರನ್ನೂ ಇಳಿಸು. ಕೈಮುಗಿಯುತ್ತೇನೆ."

ಎಲ್ಲರೂ ನಿಧಾನವಾಗಿ ತಲೆಯೆತ್ತಿದರು. ಕಂಬ ಎಂದಿನಂತೆ ನೆಟ್ಟಗಿರಲಿಲ್ಲ. ಸಾಹೇಬರು ಯಾರಿಗೂ ಹೇಳದೆ ಮೆಟ್ಟಿಲ ಕಡೆ ಹೆಜ್ಜೆ ಹಾಕಿದರು, ಅವರ ಹಿಂದೆ ಪೇದೆ, ಪೇದೆಯ ಹಿಂದೆ ದರ್ಜಿ. ಮೇಡಂ ಲ್ಯಾಪ್‌ಟಾಪು ಎದೆಗವಚಿಕೊಂಡು ಗೋಡೆಗೆ ಸರಿದರು. ಮೆಟ್ಟಿಲ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕುತ್ತ ಜನ ಇಳಿಯುತ್ತಿದ್ದಾಗ, ಈ ಯಾವ ಗಲಾಟೆಯೂ ತನಗೆ ಸೇರಿದ್ದಲ್ಲ ಎಂಬಂತೆ, ಹೆಂಡತಿ ಕೆಳಗಿನಿಂದ ಬುಟ್ಟಿ ಹಿಡಿದು ಬಂದಳು. ಮೋಡ ಕವಿಯುತ್ತಿತ್ತು. ಒಣಗಿದ ಬಟ್ಟೆ ತೆಗೆಯಬೇಕಿತ್ತು. ಅವಳು ನೇರ ಕಂಬದ ಬುಡಕ್ಕೆ ನಡೆದಳು.

ಸಿಗ್ನಲಪ್ಪನಿಗೆ ಕೂಗಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲೇ ಗಾಳಿಗೆ ತಂತಿ ಟಣ್ ಎಂದಿತು.

"ಮಗಳೇ! ಆಚೆ ಸರಿ! ಬಟ್ಟೆ ಹಾಳಾಗ್ಲಿ, ಆಚೆ ಸರಿಯಮ್ಮಾ!"

ಎದುರಿನಿಂದ ಬಂದ ಆ ಕೂಗು ಮೂರು ಬೀದಿಗೆ ಕೇಳಿಸಿತಂತೆ. ಹೆಂಡತಿ ಬುಟ್ಟಿ ಬಿಟ್ಟು ಹಿಂದಕ್ಕೆ ಹಾರಿದಳು. ಕಂಬ ಒಂದು ಕ್ಷಣ ಯೋಚಿಸಿ, ಬಟ್ಟೆ, ಹಗ್ಗ, ಸ್ಟೂಲು, ತಲೆ ಸತ್ತ ಪರದೆ ಎಲ್ಲವನ್ನೂ ತಬ್ಬಿಕೊಂಡು ಮಲಗಿತು. ಬುಟ್ಟಿ ಅಪ್ಪಚ್ಚಿಯಾಗಿತ್ತು. ಅವಳು ಎರಡು ಮಾರು ದೂರದಲ್ಲಿ ನಿಂತಿದ್ದಳು.

ಸಿಗ್ನಲಪ್ಪ ಓಡಿಹೋಗಿ ಅವಳ ಕೈ ಹಿಡಿದುಕೊಂಡ. ಬೀದಿಯವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಗಳಗಳ ಅತ್ತುಬಿಟ್ಟ. ಅಪ್ಪಚ್ಚಿಯಾದ ಬುಟ್ಟಿಯನ್ನು ನೋಡಿದಷ್ಟೂ ಅವನಿಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ತಾತ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಊರುಗೋಲನ್ನು ಮನೆಯಲ್ಲೇ ಮರೆತಿದ್ದರು.

"ತಾತ, ಬಾಯಲ್ಲಿ ಒಂದು ಮಾತು ಹೇಳಬಾರದಿತ್ತಾ?" ಎಂದ ಸಿಗ್ನಲಪ್ಪ, ಮೂಗು ಒರೆಸಿಕೊಳ್ಳುತ್ತ.

"ಹೇಳಬಹುದಿತ್ತು" ಎಂದರು ತಾತ. ಅವರ ಕಣ್ಣೂ ಒದ್ದೆಯಾಗಿತ್ತು. "ನನ್ನ ಹಟಾನೇ ದೊಡ್ಡದಾಯ್ತು. ನೀನು ದಿನಾ ವಂದನೆ ಕಳಿಸೋದು ನೋಡಿ, ಬೇಕಂತಲೇ ಅಣಕಿಸ್ತಿದ್ದೀಯ ಅಂದ್ಕೊಂಡೆ."

"ನನಗೆ ಓದೋಕೇ ಆಗ್ಲಿಲ್ಲ ತಾತ! ಓದಿದ್ರೆ ಬಿಗಿ ಮಾಡದೆ ಇರ್ತಿದ್ನಾ? ತಂತಿ ಸಡಿಲ ಆಗಿದೆ ಅಂತ ಒಂದು ಮಾತು ನನಗೆ ತಿಳಿದಿದ್ರೆ!"

ಹೆಂಡತಿ ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ತಾತ ಬರೆದು ಕಳಿಸಿದ್ರು, ಆ ಯಂತ್ರ ಮೂರು ಚೂರು ಮಾಡಿ ತೋರಿಸ್ತು, ನಿಮಗೆ ಓದೋಕಾಗ್ಲಿಲ್ಲ. ಒಪ್ಕೊಂಡೆ. ಅದೇ ಮಾತನ್ನ ನಾನು ಪ್ರತಿ ದಿನ ಬಾಯಲ್ಲೇ ಹೇಳ್ತಿದ್ನಲ್ಲ ರೀ? ಅದನ್ನ ಯಾವ ದೇಶದ ಪಟ್ಟಿ ಇಟ್ಕೊಂಡು ಕೇಳಿಸ್ಕೊಂಡ್ರಿ?"

ತಾರಸಿಯಲ್ಲಿ ಉಳಿದಿದ್ದವರೆಲ್ಲ ಸಿಗ್ನಲಪ್ಪನ ಮುಖ ನೋಡಿದರು. ಅವನು ಬಿದ್ದ ಕಂಬದ ಮುಖ ನೋಡಿದ. ಮೇಡಂ ವರದಿಯಲ್ಲಿ ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿದರು.

ಗಡುವಿನ ತೀರ್ಪು ಮಾತ್ರ ನ್ಯಾಯವಾಗಿಯೇ ಬಂತು. ಕಂಬ ಇಳಿಯಬೇಕೆಂದಿದ್ದಳು, ಇಳಿದಿತ್ತು. ಕೆಲಸಕ್ಕೆ ಬರುವ ಸಂದೇಶವೊಂದು ಬರಬೇಕೆಂದಿದ್ದಳು, ನಾಲ್ಕು ಬಂದಿದ್ದವು. ಮಾತು ಮಾತೇ ಎಂದು ಹೆಂಡತಿ ಹೊಸ ಕಂಬಕ್ಕೆ ಒಪ್ಪಿಗೆ ಕೊಟ್ಟಳು, ಬಟ್ಟೆಯ ಹಗ್ಗವನ್ನು ಬೇರೆ ಕಡೆ ಕಟ್ಟಿಸಿಕೊಂಡಳು. ತಂತಿಗಳನ್ನು ತಾತನೇ ನಿಂತು ಬಿಗಿ ಮಾಡಿಸಿದರು, ಬಾಯಿತುಂಬ ಬೈಯುತ್ತ. ಸಿಗ್ನಲಪ್ಪ ಸಾಲ ಮಾಡದೆ ತಲೆ ನೆಟ್ಟಗಿರುವ ಪರದೆಯೊಂದನ್ನು ಸಂಪಾದಿಸಿದ, ನಮ್ಮ ಅಕ್ಷರಪಟ್ಟಿಯನ್ನು ಕೂರಿಸಿದ, ತಾನಾಗಿಯೇ ವಂದನೆ ಹೇಳುವ ಸಾಲನ್ನು ಅಳಿಸಿದ.

ಎಲ್ಲ ಸಿದ್ಧವಾದ ಸಂಜೆ ಹೆಂಡತಿ ತಾತನಿಗೆ ಏನೋ ಕೊಟ್ಟು ಬರಲು ಎದುರು ಮನೆಗೆ ಹೋಗಿದ್ದಳು. ಸಿಗ್ನಲಪ್ಪ ರೇಡಿಯೋ ಮುಂದೆ ಕಾಲು ಅಲ್ಲಾಡಿಸುತ್ತ ಕೂತಿದ್ದ. ಕಿರ್‌ರ್ ಎಂದಿತು. ಮೇಲೆ ತಾತನ ಕಾಲ್‌ಸೈನ್, ಸ್ಪಷ್ಟವಾಗಿ. ಕೆಳಗೆ ದುಂಡು ದುಂಡಾದ ನಮ್ಮ ಅಕ್ಷರಗಳು, ಒಂದೂ ಚೂರಾಗಿರಲಿಲ್ಲ:

"ನಿಮ್ಮ ಹೆಂಡತಿ ಹೇಳುತ್ತಿದ್ದೇನೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ. ಉಕ್ಕುವ ಮೊದಲು ಇಳಿಸಿ."

ಸಿಗ್ನಲಪ್ಪನ ಕಣ್ಣು ತುಂಬಿ ಬಂತು. ಎಷ್ಟು ಚೆಂದ ಮೂಡಿದೆ! ಗೀರಿಲ್ಲ, ಕಠಾರಿಯಿಲ್ಲ, ಒತ್ತಕ್ಷರಗಳೂ ಇದ್ದಲ್ಲೇ ಇವೆ. ಒಬ್ಬನೇ ನೋಡಿ ತೃಪ್ತಿಯಾಗಲಿಲ್ಲ. ತಾರಸಿಯ ಅಂಚಿಗೆ ಓಡಿ ಕೆಳಗಿನ ಅಂಗಡಿಗೆ ಕೂಗಿದ: "ಮೇಷ್ಟ್ರೇ! ಬನ್ನಿ, ಬೇಗ ಬನ್ನಿ! ದರ್ಜಿಯಣ್ಣನ್ನೂ ಕರ್ಕೊಂಡು ಬನ್ನಿ!"

ಇಬ್ಬರೂ ಓಡುತ್ತ ಬಂದರು. ಮೂವರೂ ಪರದೆಯ ಮುಂದೆ ಬಗ್ಗಿ ನಿಂತು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಗಟ್ಟಿಯಾಗಿ ಓದಿದರು. ಮೇಷ್ಟ್ರು ಒಂದು ತಪ್ಪೂ ಇಲ್ಲವೆಂದು ಖಚಿತಪಡಿಸಿದರು. ದರ್ಜಿ ಎರಡನೆಯ ಸಲ ಓದಬೇಕೆಂದ.

ಎರಡನೆಯ ಸಲ ಓದುತ್ತಿರುವಾಗ ಕೆಳಗಿನಿಂದ ಸೀದ ವಾಸನೆ ಬಂತು.